ಶಾಲೆಯೂ ಊರಿನ ಸಂಘಗಳೂ
(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ಹುಡುಗಿ ವಾರದಿಂದ ಗೈರುಹಾಜರೆಂಬುದು ಉಪಾಧ್ಯಾಯರ ಹಾಜರಿ ಪುಸ್ತಕದಲ್ಲಿರುತ್ತದೆ, ಕಾರಣ ಅದರಲ್ಲಿರುವುದಿಲ್ಲ. ತಾಯಿ ಕೂಲಿಗೆ ಹೋದಾಗ ಆಕೆ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರುವುದು ಕೇರಿಯ ಸ್ತ್ರೀಶಕ್ತಿ ಸಂಘದವರಿಗೆ ಗೊತ್ತು. ಮೂರು ತುಂಬಿದ ಮಗುವಾದರೆ ಅಂಗನವಾಡಿಗೆ ಸೇರಿಸಬಹುದು, ಅಕ್ಕ ಶಾಲೆಗೆ ಬಂದಾಳು. ಆದರೆ ಈ ಸುದ್ದಿಯನ್ನು ಶಾಲೆಗೆ ಮುಟ್ಟಿಸುವವರು ಯಾರು?

2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಸ್ತ್ರೀಯರಿರಬೇಕು. ಸಭೆಯನ್ನು ಹಗಲು ಹನ್ನೊಂದಕ್ಕೆ ಕರೆದರೆ ಕೂಲಿ ಬಿಟ್ಟು ಯಾವ ತಾಯಿ ಬರುತ್ತಾಳೆ? ಪುಸ್ತಕವೇ ಮನೆಗೆ ಹೋಗಿ ರುಜು ತರುತ್ತದೆ, ಅಷ್ಟೆ! ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ ಕರೆಯಿರಿ. ಸಂಘದವರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಜೊತೆಗೆ ಕೂರಿಸಿಕೊಳ್ಳಿ. ಮೊದಲು ಶಾಲೆ ಬಿಟ್ಟಿರುವ ಮಕ್ಕಳ ಹೆಸರು ಓದಿರಿ. ಸುಣ್ಣಬಣ್ಣದ ಲೆಕ್ಕ ಆಮೇಲಿರಲಿ.