ವಯಸ್ಸು ಬರೆಯುವ ಕೈ ಯಾರದು?

(ಕೂಟಗಲ್‌ನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ನಮ್ಮಲ್ಲಿ ಜೂನ್ ಒಂದನೇ ತಾರೀಕು ಹುಟ್ಟಿದವರು ಎಷ್ಟು ಜನ? ಕೈ ಎತ್ತಿ. ನೋಡಿ, ಎಷ್ಟೊಂದು ಕೈ! ನಮ್ಮ ಅವ್ವಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರಾ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳಿದರು, ಯಾವಾಗ ಹುಟ್ಟಿದ ಅಂತ. ರಾಗಿ ಕುಯ್ಲಿನ ಕಾಲ ಬುದ್ದಿ, ಅಂದಳು ಅವ್ವ. ಮೇಷ್ಟ್ರು ನಮ್ಮ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟುತ್ತದಾ ನೋಡಿದರು. ಮುಟ್ಟಿತು. 1-6 ಅಂತ ಬರೆದರು. ಕುಯ್ಲು ಜೂನಿನಲ್ಲಿ ಎಲ್ಲಿ ಬರುತ್ತೆ, ಯಾರೂ ಕೇಳಲಿಲ್ಲ.

ನಗಿಸೋಕೆ ಹೇಳಿದ್ದಲ್ಲ ಇದು. ದಾಖಲಾತಿ ರಿಜಿಸ್ಟರಿನ ಆ ಒಂದು ಸಾಲು ಸಿಗದೆ ನೇಣಿನ ಕೆಳಗೆ ವರ್ಷಗಟ್ಟಲೆ ಕೂತವರಿದ್ದಾರೆ.

1994ರಲ್ಲಿ ಡೆಹ್ರಾಡೂನಿನ ಒಂದು ಮನೆಯಲ್ಲಿ ಕೊಲೆಗಳಾದವು. ಆರೋಪ ಬಂದದ್ದು ಮನೆಗೆಲಸದ ಹುಡುಗನ ಮೇಲೆ. ಹಿಡಿದದ್ದು 1999ರಲ್ಲಿ, ಅಷ್ಟೊತ್ತಿಗೆ ಅವನು ಬೆಳೆದಿದ್ದ. ಆಗ ನಾನು ಹುಡುಗ ಸ್ವಾಮಿ ಅಂದರೆ ವಿಚಾರಣಾ ಕೋರ್ಟು ಒಪ್ಪಲಿಲ್ಲ. ಯಾಕೆ ಗೊತ್ತಾ? ಅವನ ಹೆಸರಲ್ಲಿ ಬ್ಯಾಂಕು ಖಾತೆ ಇತ್ತಂತೆ! ಖಾತೆ ಇದ್ದವನು ದೊಡ್ಡವನೇ ಅನ್ನೋದು ತರ್ಕ. ಗಲ್ಲು ಶಿಕ್ಷೆ ಆಯಿತು. 2012ರಲ್ಲಿ ರಾಷ್ಟ್ರಪತಿ ಅದನ್ನು ಅರವತ್ತು ವರ್ಷ ತುಂಬುವವರೆಗಿನ ಜೈಲಾಗಿ ಇಳಿಸಿದರು. ಕೊನೆಗೆ 2025ರ ಜನವರಿ 8ರಂದು ಸುಪ್ರೀಂ ಕೋರ್ಟು, ಕೃತ್ಯದ ದಿನ ಇವನಿಗೆ ಹದಿನಾಲ್ಕು ವರ್ಷ, ಬಿಡಿ ಎಂದಿತು. ಸುಮಾರು 25 ವರ್ಷ ಒಳಗಿದ್ದ.

ಅದೇ 1994ರಲ್ಲಿ ಪುಣೆಯಲ್ಲಿ ಏಳು ಜನರ ಕೊಲೆ. 1998ರಲ್ಲಿ ಗಲ್ಲು ಶಿಕ್ಷೆಗೊಳಗಾದವರಲ್ಲಿ ಒಬ್ಬ ರಾಜಸ್ಥಾನದವನು. ಜೈಲಿನ ಕಾಗದದಲ್ಲಿ ಅವನಿಗೆ ಒಂದು ಹೆಸರು, ಊರಿನ ಶಾಲೆಯಲ್ಲಿ ಇನ್ನೊಂದು. ಎರಡೂ ಒಬ್ಬನದೇ ಎಂದು ರುಜುವಾತಾಗುವ ಹೊತ್ತಿಗೆ 28 ವರ್ಷ ಕಳೆದಿತ್ತು. 2023ರ ಮಾರ್ಚ್ 27ರ ತೀರ್ಪಿನ ಪ್ರಕಾರ ಕೊಲೆಯ ದಿನ ಅವನ ವಯಸ್ಸು 12 ವರ್ಷ 6 ತಿಂಗಳು. ಅಂಥ ಹುಡುಗನನ್ನು ಕಾನೂನು ಹಿಡಿದಿಡಬಹುದಾದದ್ದು ಹೆಚ್ಚೆಂದರೆ ಮೂರು ವರ್ಷ.

ಇಲ್ಲಿ ಗಂಟು ಇರೋದು ಒಂದೇ ಕಡೆ. ಯಾವ ದಿನದ ವಯಸ್ಸು? 2000ದಲ್ಲಿ ಸುಪ್ರೀಂ ಕೋರ್ಟು ಕೋರ್ಟಿಗೆ ಹಾಜರುಪಡಿಸಿದ ದಿನದ ವಯಸ್ಸು ಅಂದಿತ್ತು. ಅಂದರೆ ಪೋಲೀಸರು ಹಿಡಿಯೋದು ತಡವಾದರೆ ಹುಡುಗ ದೊಡ್ಡವನಾಗಿಬಿಡುತ್ತಿದ್ದ. 2005ರಲ್ಲಿ ಐವರು ನ್ಯಾಯಾಧೀಶರ ಸಂವಿಧಾನ ಪೀಠ ಅದನ್ನು ತಿದ್ದಿ, ಕೃತ್ಯ ನಡೆದ ದಿನವೇ ಲೆಕ್ಕ ಎಂದಿತು. 2015ರ ಬಾಲ ನ್ಯಾಯ ಕಾಯ್ದೆಯೂ ಅದನ್ನೇ ಹೇಳುತ್ತೆ. ಹದಿನೆಂಟು ದಾಟಿದ ಮೇಲೆ ಹಿಡಿದರೂ ಅವನನ್ನು ಆ ದಿನದ ಹುಡುಗನಾಗೇ ನಡೆಸಿಕೊಳ್ಳಬೇಕು. ನಾನು ಆಗ ಚಿಕ್ಕವನು ಎಂಬ ಮಾತನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ತೀರ್ಪು ಮುಗಿದ ಮೇಲೂ ಎತ್ತಬಹುದು.

ಎತ್ತಬಹುದು ಸರಿ, ತೋರಿಸೋದು ಏನನ್ನು? ಕಾಯ್ದೆಯ 94ನೇ ಸೆಕ್ಷನ್ನು ಮೊದಲು ಕೇಳೋದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಪತ್ರ. ಅದಿಲ್ಲದಿದ್ದರೆ ಪಂಚಾಯ್ತಿ, ಪುರಸಭೆಯ ಜನನ ಪತ್ರ. ಎರಡೂ ಇಲ್ಲವೆಂದರೆ ಮೂಳೆ ಪರೀಕ್ಷೆ. ಆ ಪರೀಕ್ಷೆ ಎರಡು ವರ್ಷ ಹಿಂದೆ ಮುಂದೆ ಆಗಬಹುದು ಎಂದು ಕೋರ್ಟುಗಳೇ ಒಪ್ಪಿವೆ. ಹದಿನೇಳರ ಹುಡುಗನಿಗೆ ಎರಡು ವರ್ಷ ಅಂದರೇನು, ನೀವೇ ಲೆಕ್ಕ ಹಾಕಿ.

ಈಗ ನಮ್ಮ ಸೀಮೆಗೆ ಬನ್ನಿ. ಜೀತ ನಿಷೇಧದ ಕಾಯ್ದೆ 1976ರಲ್ಲೇ ಬಂತು. ಆದರೂ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಬಿದ್ದ ಮಕ್ಕಳ ಬಗ್ಗೆ ಒಂದು ವರದಿಯನ್ನೇ ಬರೆಯಬೇಕಾಯಿತು, ಕರ್ನಾಟಕವೂ ಅದರಲ್ಲಿದೆ. ಗೂಡು ಬೇಯಿಸುವ ನೀರಿಗೆ ಕೈ ಇಟ್ಟು ಬೆಳೆದ ಹುಡುಗನಿಗೆ ಯಾವ ಟೀಸಿ? ಅಂಥವನು ಸಿಕ್ಕಿಬಿದ್ದರೆ 'ವಯಸ್ಸು ಸುಮಾರು 19' ಅಂತ ಪೋಲೀಸರು ಬರೆಯೋದು ಒಂದು ಗೆರೆ. ಆ 'ಸುಮಾರು' ಅವನನ್ನು ಬಾಲ ನ್ಯಾಯ ಮಂಡಳಿ ಬಿಟ್ಟು ದೊಡ್ಡವರ ಜೈಲಿಗೆ ಕಳಿಸುತ್ತೆ.

ಇನ್ನೊಂದು ಮಾತು. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ಬೆಂಕಿ ನಮ್ಮೊಳಗೆ ಆರಿಲ್ಲ. ನಾಳೆ ಎಲ್ಲಾದರೂ ನಮ್ಮ ಕೇರಿಗೆ ಕಲ್ಲು ಹೊಡೆದ ಗುಂಪಿನಲ್ಲಿ ಗೌಡರ ಮನೆಯ ಹದಿನೈದರ ಹುಡುಗ ಇದ್ದರೆ? ಅವನನ್ನೂ ಹುಡುಗನಾಗೇ ವಿಚಾರಿಸಲಿ ಅಂತ ನಾವು ಹೇಳಬೇಕು. ಕಲ್ಲು ಕೊಟ್ಟ ಅಪ್ಪನನ್ನು, ಚಿಕ್ಕಪ್ಪನನ್ನು ಬಿಡಬಾರದು, ಅದು ಬೇರೆ. ದೊಡ್ಡವರು ಹುಡುಗರನ್ನು ಮುಂದೆ ನಿಲ್ಲಿಸಿ ತಾವು ಜಾರಿಕೊಳ್ಳೋದು ಗೊತ್ತಿರೋದೇ. 2012ರ ದೆಹಲಿಯ ಅತ್ಯಾಚಾರದ ನಂತರದ ಸಿಟ್ಟಿನಲ್ಲಿ ಹದಿನಾರರಿಂದ ಹದಿನೆಂಟರವರನ್ನು ಘೋರ ಅಪರಾಧಗಳಲ್ಲಿ ದೊಡ್ಡವರಂತೆ ವಿಚಾರಿಸುವ ದಾರಿಯನ್ನು 2015ರ ಕಾಯ್ದೆ ತೆರೆಯಿತು. ಮೊದಲು ಮಂಡಳಿ ಅವನ ಮನಸ್ಸು, ತಿಳುವಳಿಕೆ, ಸಂದರ್ಭ ನೋಡಬೇಕು. ಹಾಗೆ ವಿಚಾರಿಸಿದರೂ ಗಲ್ಲು ಕೊಡುವಂತಿಲ್ಲ. ಆ ದಾರಿ ಅಗಲವಾದಷ್ಟೂ ಅದರಲ್ಲಿ ಮೊದಲು ಎಳೆದೊಯ್ಯೋದು ವಕೀಲರಿಲ್ಲದ ಮನೆಯ ಮಕ್ಕಳನ್ನ. ಸತ್ತವರ ಮನೆಯ ದುಃಖ ಸಣ್ಣದು ಅಂತ ನಾವು ಹೇಳ್ತಾ ಇಲ್ಲ. ಆ ದುಃಖ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಸ್ಟೆಲಿನವರು ಇನ್ನೊಂದು ತಿಳಿದಿರಬೇಕು. ಹದಿನಾರರಲ್ಲಿ ಧರಣಿ ಕೂತಾಗಲೋ ಬೀದಿ ಜಗಳದಲ್ಲೋ ಬಿದ್ದ ಕೇಸನ್ನು, ಇಪ್ಪತ್ತಮೂರರಲ್ಲಿ ಕಾನ್‌ಸ್ಟೇಬಲ್ ಕೆಲಸಕ್ಕೆ ಹೋದಾಗ ಎತ್ತಿ ತೋರಿಸ್ತಾರೆ. ಬಾಲ್ಯದ ಕೇಸನ್ನು ಹಿಡಿದು ಕೆಲಸ ನಿರಾಕರಿಸುವಂತಿಲ್ಲ ಎಂದು 2019ರಲ್ಲಿ ಸಿಐಎಸ್‌ಎಫ್ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾಯ್ದೆಯ 24ನೇ ಸೆಕ್ಷನ್ನೂ ಅದನ್ನೇ ಹೇಳುತ್ತೆ. ದೊಡ್ಡವರಂತೆ ವಿಚಾರಣೆಯಾದವರಿಗೆ ಮಾತ್ರ ಅದು ಅನ್ವಯಿಸದು. ಅರ್ಜಿ ವಾಪಸ್ ಬಂದರೆ ತಲೆ ತಗ್ಗಿಸಿ ಊರಿಗೆ ಹೋಗಬೇಡಿ, ವಕೀಲರ ಹತ್ತಿರ ಹೋಗಿ.

ರಜಕ್ಕೆ ಊರಿಗೆ ಹೋದಾಗ ನಿಮ್ಮ ಮೊದಲ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರಿನಲ್ಲಿ ನಿಮ್ಮ ಹೆಸರು, ತಾರೀಕು ಏನಿದೆ ನೋಡಿ ನಕಲು ತನ್ನಿ. ಓದು ಬಿಟ್ಟು ನೂಲು ಬಿಚ್ಚಲು ಹೋದ ತಮ್ಮಂದಿರದೂ ತನ್ನಿ. ಹೆಸರು ಮನೆಯಲ್ಲೊಂದು ಶಾಲೆಯಲ್ಲೊಂದು ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.