ಕಡಲಿಲ್ಲದ ಸೀಮೆಯಿಂದ ಕಡಲಿಗೆ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಕಡಲಿನ ಮಾತೇಕೆ ಎನಿಸಬಹುದು. ಈ ಸೀಮೆಯೆಲ್ಲ ಸೇರಿದ್ದ ಹಳೆಯ ಮೈಸೂರು ಸಂಸ್ಥಾನಕ್ಕೆ ಒಂದು ಗೇಣು ಕಡಲತೀರವೂ ಇರಲಿಲ್ಲ. ಅಲ್ಲಿ ಕೆರೆ-ಹೊಳೆಗಳ ಮೀನು ಅಭ್ಯಾಸ ಮಾಡಿದ ಬಿ. ಎಸ್. ಭೀಮಾಚಾರ್ ಮುಂದೆ ಅರಬ್ಬಿ ಸಮುದ್ರದ ಒಂದು ಒಗಟಿಗೆ ಕೈಹಾಕಿದರು. ಅವರ ಹೆಸರು ನಮ್ಮಲ್ಲಿ ಮರೆತೇಹೋಗಿದೆ. ಅದು ನನಗೆ ನೋವಿನ ಸಂಗತಿ.

ಅವರ ಮೊದಲ ಬರಹಗಳಲ್ಲೊಂದು ನಮ್ಮ ಕೆರೆಗಳ ಕೊರವ ಮೀನಿನ ತಲೆಬುರುಡೆಯ ಎಲುಬುಗಳನ್ನು ಕುರಿತದ್ದು. 1941ರಲ್ಲಿ ಎ. ಸುಬ್ಬರಾವ್ ಜೊತೆಗೂಡಿ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರಿನ, ಮೀನುಗಳ ಪಟ್ಟಿ ಪ್ರಕಟಿಸಿದರು. ತುಂಗೆ, ಭದ್ರೆ ಹುಟ್ಟುವುದು ಅಲ್ಲೇ. 1945ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇನ್ನೂ ದೊಡ್ಡ ಮಾತು ಹೇಳಿದರು: ಬೆಟ್ಟದ ಹಳ್ಳಗಳಲ್ಲಿ ಯಾವ ಮೀನು ಎಲ್ಲಿದೆ ಎಂದು ನೋಡಿದರೆ ಪಶ್ಚಿಮ ಘಟ್ಟ ಮೂರು ಭಾಗವಾಗುತ್ತದೆ ಎಂದು. ಸೆಳವಿಗೆ ಬಂಡೆ ಕಚ್ಚಿ ನಿಲ್ಲುವ ಬೆರಳುದ್ದದ ಮೀನುಗಳಿಂದ ಘಟ್ಟದ ಚರಿತ್ರೆ ಓದುವುದೆಂದರೆ ಸಾಮಾನ್ಯವೇ?

1947ರಲ್ಲಿ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು. ಅದರ ಕೆಲಸದ ಮೇಲೆ ಭೀಮಾಚಾರ್ ಕಲ್ಲಿಕೋಟೆಗೆ ಹೋದರು. ಮಲಬಾರ್, ಕೆನರಾ ತೀರದಲ್ಲಿ ಆಗಾಗ ಮೀನುಗಾರಿಕೆ ಇದ್ದಕ್ಕಿದ್ದಂತೆ ನೆಲಕಚ್ಚುತ್ತಿತ್ತು. ಅದೇ ಹೊತ್ತಿಗೆ ನೀರು ಕೆಂಪಾಗಿರುತ್ತಿತ್ತು. ಆ ನೀರಿನಲ್ಲಿ ನಾಕ್ಟಿಲ್ಯೂಕ ಎಂಬ ಏಕಕೋಶ ಜೀವಿ ದಟ್ಟೈಸಿರುತ್ತದೆ. ಸಾಸಿವೆಗಿಂತ ಚಿಕ್ಕ ಪಾರದರ್ಶಕ ಗುಂಡು, ಅದಕ್ಕೊಂದು ಎಳೆಬಾಲ. ರಾತ್ರಿ ನೀರು ಕಲಕಿದರೆ ನೀಲಿಯಾಗಿ ಮಿನುಗುತ್ತದೆ. ಅದರ ಮೈಯಲ್ಲಿ ಅಮೋನಿಯಾ ತುಂಬಿರುವುದರಿಂದ ಮೇಲೆ ತೇಲಿ ಬರುತ್ತದೆ. ರಾಶಿಯಾಗಿ ಸತ್ತು ಕೊಳೆತರೆ ನೀರಿನ ಪ್ರಾಣವಾಯು ಇಳಿಯುತ್ತದೆ. 1950ರಲ್ಲಿ ಪಿ. ಸಿ. ಜಾರ್ಜ್ ಜೊತೆ ಪ್ರಕಟಿಸಿದ ಲೇಖನದಲ್ಲಿ ಭೀಮಾಚಾರ್ ಈ ಕೆಂಪುನೀರಿಗೂ ಮೀನಿನ ಬರಕ್ಕೂ ನಂಟು ಕಲ್ಪಿಸಿದರು. ಇದೇ ಕಾರಣ ಎಂದು ಹಟ ಹಿಡಿಯಲಿಲ್ಲ, ಸಂಭವನೀಯ ಕಾರಣ ಎಂದಷ್ಟೇ ಬರೆದರು. ಆ ಎಚ್ಚರ ನನಗೆ ಬಹಳ ಮೆಚ್ಚುಗೆ.

ಮುಂದೆ ಅವರು ಬ್ಯಾರಕ್‌ಪುರದ ಕೇಂದ್ರ ಒಳನಾಡು ಮೀನುಗಾರಿಕಾ ಸಂಸ್ಥೆಯ ನಿರ್ದೇಶಕರಾದರು. ಕಡಲಿನಿಂದ ಮತ್ತೆ ಹೊಳೆ-ಕೆರೆಗಳಿಗೆ. ಅದೇ ಸಂಸ್ಥೆಯ ಎ. ಡೇವಿಡ್ 1956ರಲ್ಲೇ ಭದ್ರಾವತಿಯ ಕಾರ್ಖಾನೆಗಳ ಕೊಳೆನೀರು ಭದ್ರೆಯ ಮೀನಿಗೆ ಏನು ಮಾಡುತ್ತಿದೆ ಎಂದು ಬರೆದಿದ್ದರು. ಆ ಭದ್ರೆಯೇ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹೊನ್ನಾಳಿಗೆ ಬರುತ್ತದೆ. ಭದ್ರಾ ನಾಲೆಯಾಗಿ ಸೂಳೆಕೆರೆಗೂ ಇಳಿಯುತ್ತದೆ. ಈ ನೀರಿನ ಮೀನುಗಳನ್ನು ಹೆಸರು ಹಿಡಿದು ಬಲ್ಲವರು ದಡದ ಬೆಸ್ತರು. ಕಾಲೇಜಿನ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಕೂತರೆ ಭೀಮಾಚಾರ್ ಆರಂಭಿಸಿದ ಪಟ್ಟಿ ನಮ್ಮ ತಾಲ್ಲೂಕುಗಳಲ್ಲೂ ಮುಂದುವರಿದೀತು.