ನಾಟಕಕ್ಕೆ ಜನ ಕರೆಯೋದೂ ರಂಗಸೇವೆಯೇ
ಮುಂಬೈಗೆ ಹೊಸದಾಗಿ ಬಂದ ಐಟಿ ಗೆಳೆಯರು ಕೇಳ್ತಾರೆ, "ಇಲ್ಲಿ ಕನ್ನಡ ನಾಟಕ ಎಲ್ಲಿ ನಡೆಯುತ್ತೆ?" ಸಾಂತಾಕ್ರೂಜ್ ಪೂರ್ವದಲ್ಲೇ ಬಿಲ್ಲವ ಭವನ ಇದೆ, ಅಲ್ಲಿ ಯಕ್ಷಗಾನವೂ ಉಂಟು, ತುಳು, ಕನ್ನಡ ನಾಟಕಗಳೂ ಉಂಟು. ಮಾಟುಂಗಾಕ್ಕೆ ಹೋದರೆ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್.

ನಮ್ಮ ಹವ್ಯಾಸಿ ಕಲಾವಿದರಿಗೆ ಹಗಲು ನೌಕರಿ, ರಾತ್ರಿ ತಾಲೀಮು. ಬಣ್ಣ ಹಚ್ಚುವವರೇ ಟಿಕೆಟ್ಟನ್ನೂ ಮಾರಬೇಕು ಅಂದ್ರೆ ಮಾತು ಬಾಯಿಪಾಠ ಮಾಡೋದು ಯಾವಾಗ?

ಆ ಕೆಲಸ ನಾವು ವಹಿಸಿಕೊಳ್ಳೋಣ. ಪೋಸ್ಟರ್ ಮಾಡಿ. ಸ್ಟೇಷನ್ನಿಂದ ಬರೋ ದಾರಿ ಬರೆದು ಹಾಕಿ. ಕನ್ನಡ ಬಾರದ ಗೆಳೆಯರಿಗೆ ಕಥೆಯನ್ನ ಹಿಂದಿಯಲ್ಲಿ ಹತ್ತು ಸಾಲು ಬರೆದುಕೊಡಿ. ವಾಟ್ಸಾಪಲ್ಲಿ ಫಾರ್ವರ್ಡ್ ಮಾಡಿದ್ರೆ ಸಾಲದು. ಫೋನ್ ಮಾಡಿ, ಜೊತೆಗೇ ಕರ್ಕೊಂಡು ಬನ್ನಿ.

ಕುರ್ಚಿ ತುಂಬಿದ್ರೆ ತಂಡಕ್ಕೆ ಇನ್ನೊಂದು ಪ್ರಯೋಗದ ಧೈರ್ಯ ಬರುತ್ತೆ. ಖಾಲಿ ಉಳಿದ್ರೆ ಅದೇ ಕೊನೇದು. ಮುಂದಿನ ನಾಟಕದ ದಿನ ಬಾಗಿಲಲ್ಲಿ ಸಿಗೋಣ.